ಸಮುದ್ರವನ್ನು ಫೇಲ್ ಮಾಡಿದ ನಮ್ಮ ಭಾವ

ಯಾವನೋ ಒಬ್ಬನಿಗೆ ಬೆಳಗಿನ ತಿಂಡಿಗೆ ತಣ್ಣಗಿನ ಬ್ರೆಡ್ಡು ಕೊಟ್ಟರಂತೆ. ಅಷ್ಟಕ್ಕೆ ನಮ್ಮ ಮನೆಮಂದಿ ಒಂದು ಇಡೀ ದ್ವೀಪವನ್ನೇ ಕೈಬಿಟ್ಟರು.

ಕಥೆ ಕಟ್ಟುತ್ತಿಲ್ಲ, ಹೋದ ವಾರ ನಡೆದದ್ದು. ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಯಾವುದಾದರೂ ದ್ವೀಪಕ್ಕೆ ರಜೆಗೆ ಹೋಗಬೇಕೆಂದು ತೀರ್ಮಾನಿಸಿ ಎರಡು ತಿಂಗಳಾಯಿತು. ಯಾವ ದ್ವೀಪ ಅನ್ನುವುದು ಮಾತ್ರ ತೀರ್ಮಾನವಾಗಿಲ್ಲ. ಮೊಮ್ಮಗಳು ಪಲ್ಲವಿ ಮನೆಯ ಗ್ರೂಪಿನಲ್ಲಿ ಪೋಲ್ ಹಾಕಿದಳು. ಬಾಲಿ, ಮಾಲ್ದೀವ್ಸ್, ಅಂಡಮಾನ್. (ನಾನು ಫೋನಿನಲ್ಲಿ ಟೈಪ್ ಮಾಡಲು ಈಚೆಗೆ ಕಲಿತವಳು, ಅದೂ ಒಂದೇ ಬೆರಳಿನಿಂದ. ಮೂರಕ್ಕೂ ವೋಟು ಒತ್ತಿದೆ. ಬೆರಳು ಜಾರಿತು ಅಂತ ಎಲ್ಲರೂ ನಕ್ಕರು. ಜಾರಲಿಲ್ಲ, ಬೇಕಂತಲೇ ಒತ್ತಿದೆ.)

ಒಂದೊಂದು ದ್ವೀಪಕ್ಕೂ ಅಲ್ಲಿಗೆ ಹೋಗಿ ಬಂದ ಗುರುತು ಪರಿಚಯವಿಲ್ಲದ ಜನ ರಿವ್ಯೂ ಬರೆದಿರುತ್ತಾರೆ. ಮರಳು ಕಾಲಿಗೆ ಅಂಟಿತು, ಒಂದು ಸ್ಟಾರ್ ಕಡಿಮೆ. ರಾತ್ರಿಯೆಲ್ಲ ಅಲೆಯ ಸದ್ದು, ಎರಡು ಸ್ಟಾರ್ ಕಡಿಮೆ. ಸಮುದ್ರದ ಪಕ್ಕ ರೂಮು ಮಾಡಿದ ಮೇಲೆ ಅಲೆ ಸದ್ದು ಮಾಡದೆ ಏನು ಮಾಡಬೇಕು? ನಮ್ಮ ಮನೆಮಂದಿ ಅದನ್ನೆಲ್ಲ ವೇದದ ಹಾಗೆ ಓದುತ್ತಾರೆ, ತಲೆಯಾಡಿಸುತ್ತಾರೆ, ಮತ್ತೊಂದು ದ್ವೀಪವನ್ನು ಅಳಿಸುತ್ತಾರೆ.

ನನಗೆ ಇದೇನೂ ಹೊಸದಲ್ಲ. ಸ್ಟಾರು ಗೀರು ಹುಟ್ಟುವ ಮೊದಲೇ ನಮ್ಮ ಭಾವ ಇಡೀ ಸಮುದ್ರವನ್ನು ಫೇಲ್ ಮಾಡಿ ಬಂದಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಆಗ ಹುಮನಾಬಾದಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು, ಇವರು, ಎರಡು ಮಕ್ಕಳು, ನಮ್ಮತ್ತೆ. (ಇವರು ಅಂದರೆ ನಮ್ಮ ಯಜಮಾನರು. ಹೆಸರು ಆಗಲೂ ಹೇಳಲಿಲ್ಲ, ಈಗ ಹೇಳಿ ಏನು ಪುಣ್ಯ.) ಮನೆತನ ಕುರಿಯವರದು. ಊರು ಮೋರಖಂಡಿ. ಅಲ್ಲಿ ಹಟ್ಟಿ, ಹೊಲ, ಕುರಿ ಎಲ್ಲವನ್ನೂ ಇವರ ಅಣ್ಣ ಬೀರಪ್ಪ ನೋಡಿಕೊಳ್ಳುತ್ತಿದ್ದರು. ಅವರೇ ನಮ್ಮ ಭಾವ. ಮನೆತನದಲ್ಲಿ ಕೋಲು ಬಿಟ್ಟು ಪೆನ್ನು ಹಿಡಿದವರಲ್ಲಿ ನಮ್ಮ ಯಜಮಾನರೇ ಮೊದಲಿಗರು. ಕೇಂದ್ರ ಸರ್ಕಾರದ ಆಫೀಸಿನಲ್ಲಿ ಗುಮಾಸ್ತಿಕೆ.

ಆ ನೌಕರಿಗೊಂದು ಸವಲತ್ತಿತ್ತು. ನಾಲ್ಕು ವರ್ಷಕ್ಕೊಮ್ಮೆ ಹೆಂಡತಿ, ಮಕ್ಕಳು, ತಾಯಿಯನ್ನು ಕರೆದುಕೊಂಡು ದೇಶದ ಯಾವ ಮೂಲೆಗಾದರೂ ಹೋಗಿ ಬಾ, ರೈಲಿನ ಖರ್ಚು ನಮ್ಮದು ಅನ್ನುತ್ತಿತ್ತು ಸರ್ಕಾರ. ಹಿಂದಿನ ಸಲದ್ದು, ಹೋಗೋಣ ಹೋಗೋಣ ಅನ್ನುವಷ್ಟರಲ್ಲಿ ಸತ್ತಿತ್ತು. ಈ ಸಲದ್ದು ಡಿಸೆಂಬರ್ ದಾಟಿದರೆ ಸಾಯುತ್ತಿತ್ತು. ಆಗಲೇ ದೀಪಾವಳಿ ಮುಗಿದಿತ್ತು.

ಒಂದು ಸಂಜೆ ಇವರು ಊಟ ಮಾಡುತ್ತ, "ಎಲ್ಲಿಗೆ ಹೋಗಬೇಕೋ ಏನೋ," ಅಂತ ತಾಟನ್ನು ಕೇಳಿದರು.

ತಾಟು ಮಾತಾಡಲಿಲ್ಲ. ನಾನು ಮಾತಾಡಿದೆ. "ದ್ವೀಪಕ್ಕ ಹೋಗೋಣ್ರಿ."

ಇವರು ತುತ್ತು ನಿಲ್ಲಿಸಿ ನನ್ನನ್ನು ನೋಡಿದರು. ನಾನು ಕಂಬಳಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯೋಣ ಅಂದಿದ್ದರೂ ಹಾಗೆ ನೋಡುತ್ತಿರಲಿಲ್ಲ.

ದ್ವೀಪವೇ ಯಾಕೆ ಅಂತ ನೀವೂ ಕೇಳಬಹುದು. ನನ್ನ ತವರು ಬಸವಕಲ್ಯಾಣ. ತ್ರಿಪುರಾಂತ ಕೆರೆಯ ಹತ್ತಿರ ಮನೆ. ಸಣ್ಣವಳಿದ್ದಾಗ ಜಗತ್ತಿನ ಅತಿ ದೊಡ್ಡ ನೀರು ಅದೇ ಅಂದುಕೊಂಡಿದ್ದೆ. ಆದರೆ ಆ ಕೆರೆಗೆ ಆಚೆ ದಡವಿತ್ತು. ದಡದ ಮೇಲೆ ಎಮ್ಮೆ ನಿಂತಿರುತ್ತಿದ್ದವು. ಸಾಲೆಯಲ್ಲಿ ಟೀಚರು, ನಾಲ್ಕೂ ಕಡೆ ನೀರಿರುವ ನೆಲಕ್ಕೆ ದ್ವೀಪ ಅನ್ನುತ್ತಾರೆ, ಆ ನೀರಿಗೆ ಆಚೆ ದಡ ಕಾಣುವುದಿಲ್ಲ ಅಂದಿದ್ದರು. ದಡದಲ್ಲಿ ಎಮ್ಮೆಯೇ ಇಲ್ಲದ ನೀರು. ಅದನ್ನು ನೋಡಬೇಕು, ನೋಡಿ ಬಂದು ನಾಲ್ಕು ಜನರಿಗೆ ಹೇಳಬೇಕು ಅನ್ನುವ ಆಸೆ ಅವತ್ತಿನಿಂದ ಗಂಟಲಲ್ಲೇ ಕೂತಿತ್ತು. ಅದರ ಮೇಲೆ ಹುಮನಾಬಾದಿನ ನಮ್ಮ ಓಣಿಯಲ್ಲಿ ದಿನ ಬಿಟ್ಟು ದಿನ ನಲ್ಲಿ. ಕೊಡ ಹಿಡಿದು ಪಾಳಿಯಲ್ಲಿ ನಿಂತವಳಿಗೆ ನಾಲ್ಕು ಕಡೆ ನೀರು ಅಂದರೆ ಹೇಗೆ ಕೇಳಿಸುತ್ತದೆ, ನೀವೇ ಹೇಳಿ.

ಇವರಿಗೂ ರುಚಿ ಹತ್ತಿತು. ಮರುದಿನವೇ ಆಫೀಸಿನಲ್ಲಿ ವಿಚಾರಿಸಿ ಬಂದು, ಅತ್ತೆಯ ಮುಂದೆ, "ಅವ್ವಾ, ಅಂಡಮಾನಿಗೆ ಹೋಗೋಣಂತ ಮಾಡೀವಿ," ಅಂದರು.

"ಅದ್ಯಾವ ಊರಪಾ?"

ಸುಮ್ಮನಿದ್ದರೆ ಮುಗಿಯುತ್ತಿತ್ತು. ಇವರು ಸತ್ಯವಂತರು. "ಅದೇ ಅವ್ವಾ, ಹಿಂದಿನವ್ರು ಕಾಲಾಪಾನಿ ಅಂತಿದ್ರಲ್ಲ."

ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಏನ್ ಮಾಡಿ ಹೊಂಟಿ?"

"ಏನೂ ಮಾಡಿಲ್ಲವ್ವಾ. ನೋಡಾಕ ಹೊಂಟೀವಿ."

"ಏನೂ ಮಾಡಲಾರದ ಕಾಲಾಪಾನಿಗೆ ಹೋದಾವ ನೀನೊಬ್ಬನೇ ಆಗ್ತಿ ನೋಡು. ನಾಳಿ ಈ ಹುಡುಗೀಗ ವರಾ ಹುಡುಕಾಕ ಹೋದ್ರ ಏನಂತ ಹೇಳ್ಲಿ? ಅಪ್ಪ ಕಾಲಾಪಾನಿಗೆ ಹೋಗಿದ್ದ, ಖರೆ ಅವಂದೇನ್ ತಪ್ಪಿದ್ದಿಲ್ಲ ಅನ್ಲೇನು?"

ಅಂಡಮಾನ್ ಹೋಯಿತು. ಆಮೇಲೆ ಲಕ್ಷದ್ವೀಪ. ಅಲ್ಲಿಗೆ ಹೋಗಲು ಪರವಾನಗಿ ಬೇಕೆಂದು ಆಫೀಸಿನಲ್ಲಿ ಯಾರೋ ಹೇಳಿದರು. ಪಕ್ಕದ ಮನೆಯ ರಜಿಯಾ ಖಾಲಾ ಗೋಡೆಯ ಮೇಲಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. (ನಮ್ಮ ಮನೆಯ ಯಾವ ಮಾತೂ ಖಾಲಾ ಕಿವಿಗೆ ಬೀಳದೆ ಪೂರ್ತಿಯಾಗುತ್ತಿರಲಿಲ್ಲ.)

"ಕಾಯ್ಕು ಮಾ ಇತ್ತಾ ದೂರ, ಅಷ್ಟು ದೂರ ಯಾಕ?" ಅಂದರು ಖಾಲಾ. "ನೀರು ನೋಡೋದಿದ್ರ ನಮ್ಮ ಬಾವ್ಯಾಗ ಬಗ್ಗಿ ನೋಡು. ಪರವಾನಗಿ ನಾ ಕೊಡ್ತೀನಿ."

ಕೊನೆಗೆ ಇವರು ರಾಮೇಶ್ವರ ಅಂದರು. ಅದೂ ದ್ವೀಪವೇ. ದೇವರೂ ಆಯಿತು, ನೀರೂ ಆಯಿತು. ಅತ್ತೆ ತಟ್ಟನೆ ಕೈ ಮುಗಿದರು. ನಾನು ಗೆದ್ದೆ ಅಂದುಕೊಂಡೆ. ಮುಗಿದ ಕೈ ಇಳಿಸುತ್ತ ಅತ್ತೆ ಅಂದರು, "ಬೀರಪ್ಪ ಬರ್ಲಿ. ಅವನಿಗೊಂದ್ ಮಾತು ಕೇಳೋಣ."

ಭಾವನಿಗೆ ಒಂದು ಮಾತು ಕೇಳಿದರೆ ಒಂದು ತಿಂಗಳು ಹೋಯಿತು ಅಂತಲೇ ಲೆಕ್ಕ.

ಭಾವ ವಾರದ ಸಂತೆಗೆ ಬಂದವರು ಮನೆಗೆ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನಾನು ಸೆರಗು ಎಳೆದುಕೊಂಡು ಒಳಗೆ ಸರಿದೆ. ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರಿಗೆ ಬರುವಂತಿಲ್ಲ, ಅವರ ಜೊತೆ ಮಾತಾಡುವಂತಿಲ್ಲ. ಏನಿದ್ದರೂ ಬಾಗಿಲ ಹಿಂದೆ ನಿಂತು ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ನಡುವೆ ಮೂರು ಮೊಳ ಜಾಗ. ನನ್ನ ದನಿ ಅವರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಅತ್ತೆ ಇನ್ನೊಮ್ಮೆ ಹೇಳುವ ತನಕ ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂಡುತ್ತಿದ್ದರು.

ಭಾವ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಮೇವು ನೀರು ನೋಡಿ ಬಂದವ್ರು ಯಾರು?"

ಇದು ಕುರಿಯವರ ಕಾಯಿದೆ. ಹಿಂಡು ಹೊಸ ಸೀಮೆಗೆ ಹೊರಡುವ ಮೊದಲು ಒಬ್ಬ ಮುಂದೆ ಹೋಗಿ ನೋಡಿಕೊಂಡು ಬರಬೇಕು. ಹುಲ್ಲು ಎಷ್ಟಿದೆ, ನೀರು ಎಲ್ಲಿದೆ, ರಾತ್ರಿ ಎಲ್ಲಿ ತಂಗಬಹುದು. ಅವನು ಬಂದು ಹೂಂ ಅನ್ನುವ ತನಕ ಒಂದು ಮರಿಯೂ ಹೆಜ್ಜೆ ಎತ್ತುವಂತಿಲ್ಲ. ಕುರಿಗೆ ಬಹಳ ಒಳ್ಳೆಯ ಕಾಯಿದೆ. ನಮ್ಮ ಮನೆತನದಲ್ಲಿ ಅದು ಎಲ್ಲದಕ್ಕೂ ನಡೆಯುತ್ತಿತ್ತು. ನನ್ನ ಮದುವೆಗೂ. ಹೆಣ್ಣು ನೋಡಲು ಎಲ್ಲರೂ ಬರುವ ಮೊದಲು ಭಾವ ಒಬ್ಬರೇ ಬಸವಕಲ್ಯಾಣಕ್ಕೆ ಬಂದಿದ್ದರು. ನಮ್ಮ ಬಾವಿಯ ನೀರು ಕುಡಿದರು, ಬಣವೆ ನೋಡಿದರು, ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಿದರು, ಹೊರಟುಹೋದರು. ನನ್ನನ್ನು ನೋಡಲಿಲ್ಲ. ಬಾವಿ ಪಾಸಾಯಿತು, ನಾನು ಸೊಸೆಯಾದೆ.

ಈಗ ಬಾಗಿಲ ಹಿಂದಿನಿಂದ ಅತ್ತೆಗೆ ಹೇಳಿದೆ. "ಅತ್ತಿ, ನಾವೇನು ಕುರಿ ಹಿಂಡೇನಂತ ಕೇಳ್ರಿ."

ಅತ್ತೆ ಭಾವನ ಕಡೆ ತಿರುಗಿ ಹೇಳಿದರು. "ಸೊಸಿ ಕೇಳಾಕತ್ತಾಳ, ಹೋಗಿ ಬರಾಕ ಎಷ್ಟು ದಿನ ಹಿಡೀತದಂತ."

"ಬೇಗ ಬರ್ತೀನಂತ ಹೇಳು."

"ಡಿಸೆಂಬರ್ ಮುಗದ್ರ ಟಿಕೆಟ್ ಸತ್ತಂಗ, ಅದನ್ನರ ಹೇಳ್ರಿ ಅತ್ತಿ."

"ಹುಷಾರಾಗಿ ಹೋಗಿ ಬಾ ಅನ್ನಾಕತ್ತಾಳ."

ಹೀಗೆ ನಮ್ಮ ಮಾತುಕತೆ ನಡೆಯಿತು. ಇವರೇನು ಮಾಡುತ್ತಿದ್ದರು ಅಂತೀರಾ? ಅಣ್ಣನ ಮುಂದೆ ಕೂತು ತಲೆಯಾಡಿಸುತ್ತಿದ್ದರು. ಸರ್ಕಾರದ ಮುಂದೆ, ಅವ್ವನ ಮುಂದೆ, ಅಣ್ಣನ ಮುಂದೆ ಆಡಿಸಿ ಆಡಿಸಿ ಇವರ ತಲೆ ಬಹಳ ಸಲೀಸಾಗಿತ್ತು.

ಎರಡು ಟಗರು ಮಾರಿ ಭಾವ ಸ್ವಂತ ಖರ್ಚಿನಲ್ಲಿ ರಾಮೇಶ್ವರಕ್ಕೆ ಹೊರಟರು. ನನ್ನ ಪ್ರಯಾಣಕ್ಕಂತ ತೆಗೆದಿಟ್ಟಿದ್ದ ಜೋಳದ ಹಿಟ್ಟಿನಲ್ಲಿ ನಾನೇ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಗಂಟು ಕಟ್ಟಿಕೊಟ್ಟೆ. ಬಾಗಿಲ ಹಿಂದಿನಿಂದಲೇ. ನಾನು ಕಾಣಬೇಕಿದ್ದ ಸಮುದ್ರಕ್ಕೆ ನನ್ನ ರೊಟ್ಟಿ ಹೋಯಿತು, ನಾನು ನಲ್ಲಿಯ ಪಾಳಿಗೆ ಹೋದೆ.

ಎರಡು ವಾರ ಅವರ ಸುದ್ದಿಯಿಲ್ಲ. ಇವರು ರಜೆ ಮಂಜೂರಾಯಿತು ಅಂದರು. ನಾನು ಸೀರೆ ಮಡಿಚಿಟ್ಟೆ, ಮತ್ತೆ ತೆಗೆದು ಉಟ್ಟೆ. ಮಕ್ಕಳು ದಿನಾ ಬೆಳಿಗ್ಗೆ, "ಇವತ್ತ ದ್ವೀಪಕ್ಕ?" ಅಂತ ಕೇಳುತ್ತಿದ್ದವು. ಖಾಲಾ ಗೋಡೆಯ ಮೇಲಿಂದ, "ನಿಮ್ಮ ಬೀರಪ್ಪ ಅಲ್ಲೇ ಮನಿ ಮಾಡ್ಯಾನೇನ ನೋಡು," ಅನ್ನುತ್ತಿದ್ದರು.

ಡಿಸೆಂಬರ್ ಹುಟ್ಟಿದ ಮೇಲೆ ಒಂದು ಮಧ್ಯಾಹ್ನ ಭಾವ ಬಂದರು. ಮೈ ಇನ್ನಷ್ಟು ಕಪ್ಪಾಗಿತ್ತು. ಕಟ್ಟೆಯ ಮೇಲೆ ಕೂತು, ತಂಬಿಗೆ ಎತ್ತಿ ಗಟಗಟ ನೀರು ಕುಡಿದರು. ಇನ್ನೊಂದು ತಂಬಿಗೆ ತರಿಸಿ ಅದನ್ನೂ ಕುಡಿದರು. ಆಗಲೇ ನನಗೆ ಅನುಮಾನ ಬಂತು.

ರಿಪೋರ್ಟ್ ಶುರುವಾಯಿತು. ಇವರು, ಅತ್ತೆ ಎದುರಿಗೆ. ಖಾಲಾ ಗೋಡೆಗೆ. ನಾನು ಬಾಗಿಲ ಹಿಂದೆ.

"ಹುಲ್ಲಿಲ್ಲ," ಅಂದರು ಭಾವ. "ನೆಲ ಪೂರಾ ಉಸುಕು. ಅಲ್ಲೊಂದಿಷ್ಟು ಆಡು ಅವ. ಗ್ವಾಡಿಗೆ ಹಚ್ಚಿದ ಕಾಗದ ತಿನ್ನಾಕತ್ತಿದ್ವು. ಆಡೇ ಕಾಗದ ತಿಂತಾವಂದ್ರ ತಿಳ್ಕೋರಿ."

"ನೀರು?" ಅತ್ತೆ ಕೇಳಿದರು.

"ನೀರಿಗೇನ್ ಕಡಿಮಿ? ಸುತ್ತಾ ನೀರೇ. ಬೊಗಸಿ ತುಂಬ ತಗೊಂಡು ಬಾಯಾಗ ಹಾಕ್ದೆ." ಭಾವ ನೆನಪಿಗೇ ಮುಖ ಕಿವುಚಿದರು. "ಉಪ್ಪು. ಈ ದಂಡಿಗೆ ನೋಡ್ದೆ, ಉಪ್ಪು. ಆ ದಂಡಿಗೆ ಹೋಗಿ ನೋಡ್ದೆ, ಅಲ್ಲೂ ಉಪ್ಪು. ಅಷ್ಟು ನೀರಾಗ ಒಂದು ಕುರಿ ಬಾಯಿ ಹಾಕೂ ಹಂಗಿಲ್ಲ."

"ಮತ್ತ ನೀ ಏನ್ ಕುಡದಿ?"

"ಎಳನೀರು. ನಿನ್ನ ಸೊಸಿ ಕೊಟ್ಟ ರೊಟ್ಟಿ, ಎಳನೀರು. ರೊಟ್ಟಿ ತೀರಿದ ಮ್ಯಾಲ ರೈಲು ಹತ್ತಿ ಬಂದೆ."

"ದರ್ಶನಾ?"

"ಗೋಪುರಕ್ಕ ಹೊರಗಿಂದ ಕೈ ಮುಗದೆ. ನಿನ್ನ ಬಿಟ್ಟು ನಾನೊಬ್ಬನೇ ಒಳಗ ಹ್ಯಾಂಗ ಹೋಗ್ಲಿ ಅವ್ವಾ?"

ಆ ಮಾತಿಗೆ ಅತ್ತೆಯ ಕಣ್ಣು ಒದ್ದೆಯಾಯಿತು. ನನಗೂ ಆಗಬೇಕಿತ್ತು. ಆದರೆ ಭಾವ ಮುಂದಿನ ಮಾತು ಆಡಿಬಿಟ್ಟರು. "ಬ್ಯಾಡ. ಮಕ್ಕಳು ಮರಿ ಕಟ್ಟಿಕೊಂಡು ಹೋಗೂ ಜಾಗಲ್ಲ ಅದು."

ಮುಗಿಯಿತು. ಮೇವಿಲ್ಲ, ನೀರು ಉಪ್ಪು, ಸಮುದ್ರ ಫೇಲ್. ಇವರ ತಲೆ ಆಗಲೇ ಹೂಂ ಅಂತ ಆಡಲು ಶುರುವಾಗಿತ್ತು.

ನಾನು ಹುಲ್ಲು ತಿನ್ನುವವಳಲ್ಲ. ಅದನ್ನು ಯಾರಿಗೆ ಹೇಳಬೇಕು? ಸಮುದ್ರ ನೋಡಬೇಕು ಅಂದವಳು ನಾನು. ನೋಡಿ ಬಂದವರು ಅವರು. ಬೇಡ ಅಂದವರೂ ಅವರೇ. ಆದರೂ ಬಾಗಿಲ ಹಿಂದೆ ನಿಂತವಳಿಗೆ ಪ್ರಶ್ನೆ ಕೇಳುವ ಒಂದು ದಾರಿ ಇತ್ತಲ್ಲ. ಮೆಲ್ಲಗೆ ಅಂದೆ, "ಅತ್ತಿ, ಆ ಊರಾಗ ಹೆಂಗಸ್ರು ಇದ್ದಾರೋ ಇಲ್ಲೋ ಕೇಳ್ರಿ."

ಅತ್ತೆ ಈ ಸಲ ಮಾತು ಬದಲಿಸಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು. ಅತ್ತೆಯೂ ಹರೆಯದಲ್ಲಿ ಹಿಂಡಿನ ಜೊತೆ ವರ್ಷಗಟ್ಟಲೆ ನಡೆದವರು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಊರೂರಿನ ಬಯಲಲ್ಲಿ ಒಲೆ ಹೂಡಿದವರು.

"ಬೀರಪ್ಪ, ಅಲ್ಲಿ ಹೆಂಗಸ್ರನ್ನ ನೋಡಿದೇನು?"

"ನೋಡದೇನವ್ವಾ. ಊರಂದ ಮ್ಯಾಲ ಹೆಂಗಸ್ರು ಇರಂಗಿಲ್ಲೇನು?"

"ಕೈಯಾಗ ಏನಿತ್ತು?"

"ಏನಿರ್ತದ? ಕೊಡಾ ತಗೊಂಡು ಹೊಂಟಿದ್ರು."

"ತುಂಬಿದ ಕೊಡಾನೋ ಖಾಲಿನೋ?"

ಭಾವ ತುಸು ನೆನಪು ಮಾಡಿಕೊಂಡರು. "ತುಂಬಿದ್ದು. ತುಳುಕ್ತಿತ್ತು."

"ತಲಿ ಮ್ಯಾಲೋ ಸೊಂಟದ ಮ್ಯಾಲೋ?"

"ಸೊಂಟದ ಮ್ಯಾಲ."

ಅತ್ತೆ ಎಲೆಯನ್ನು ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಅಗಿದು, ಅಂದರು. "ಸೊಂಟದ ಮ್ಯಾಲ ಇಟ್ಟಾರಂದ್ರ ನೀರು ಹತ್ತಿರ ಅದ. ದೂರ ಇದ್ರ ತಲಿಗೇರಸ್ತಿದ್ರು. ಉಪ್ಪು ನೀರು ಯಾರೂ ಕೊಡದಾಗ ತುಂಬ್ಕೊಂಡು ಮನಿಗೆ ಒಯ್ಯಂಗಿಲ್ಲ. ನೀ ಕುರಿ ಕಾಯೋವ, ಹೊಸಾ ಊರಾಗ ನೀರು ಹುಡುಕೋದು ನಿನಗ ಯಾರೂ ಕಲಸಲಿಲ್ಲೇನು? ಕೊಡಾ ಹೊತ್ತವ್ರ ಬೆನ್ನು ಹತ್ತಬೇಕು."

ಭಾವನ ಮುಖ ಕೆಂಪಾಯಿತು. "ಹಂಗಂದ್ರ ಹ್ಯಾಂಗವ್ವಾ? ಪರಊರಾಗ ಪರಹೆಂಗಸ್ರ ಬೆನ್ನು ಹತ್ತಿ ಹೋಗಾಕ ಆಗ್ತದೇನು? ಬೂಟು ತಗೊಂಡು ಹೊಡೀತಾರ."

ಗೋಡೆಯ ಮೇಲೆ ಖಾಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಅದಕ್ಕೇ ಅನ್ನೋದು," ಅಂದರು ಅತ್ತೆ. "ಹೆಂಗಸ್ರ ಬೆನ್ನು ಹತ್ತೋ ಕೆಲಸಕ್ಕ ಹೆಂಗಸನ್ನೇ ಕಳಸಬೇಕಿತ್ತು. ಈಗ ನಾವು ಹೋಗ್ತೀವಿ. ನಾನೂ ನನ್ನ ಸೊಸಿ. ಮೇವು ನೋಡೋದು ನಿನ್ನ ಕೆಲಸ, ನೋಡಿದಿ, ಮುಗೀತು. ಒಲಿ ಎಲ್ಲಿ ಹೂಡಬೇಕಂತ ನೋಡೋದು ನಮ್ಮ ಕೆಲಸ."

ಇವರು ಗಂಟಲು ಸರಿ ಮಾಡಿಕೊಂಡರು. "ಮತ್ತ ನಾನು?"

"ಟಿಕೆಟ್ ನಿನ್ನ ಹೆಸರಿಲೆ ಅದಲ್ಲ. ನೀನೂ ಬಾ," ಅಂದರು ಅತ್ತೆ, ಮಗನ ಮೇಲೆ ದೊಡ್ಡ ಉಪಕಾರ ಮಾಡಿದ ಹಾಗೆ.

ಆ ವಾರವೇ ಹೊರಟೆವು. ಹುಮನಾಬಾದಿನಿಂದ ಕಲಬುರ್ಗಿಗೆ ಬಸ್ಸು, ಅಲ್ಲಿಂದ ಮದ್ರಾಸಿಗೆ ರೈಲು, ಅಲ್ಲಿಂದ ಇನ್ನೊಂದು ರೈಲು. ದಾರಿಯುದ್ದಕ್ಕೂ ಇವರು ಟಿಕೆಟ್ ಮುಟ್ಟಿ ಮುಟ್ಟಿ ನೋಡಿಕೊಂಡರು, ಅತ್ತೆ ಕಿಟಕಿಯಾಚೆ ಕಂಡ ಪ್ರತಿ ಹಿಂಡಿಗೂ ಬೆಲೆ ಕಟ್ಟಿದರು, ಮಕ್ಕಳು ದಿನಕ್ಕೆ ನೂರು ಸಲ ಬಂತೇನು ಬಂತೇನು ಅಂದವು. ಕೊನೆಗೆ ಬೆಳಕು ಹರಿಯುವಾಗ ರೈಲು ನೀರಿನ ಮೇಲಿನ ಸೇತುವೆಗೆ ಏರಿತು. ಎಲ್ಲರಿಗೂ ನಿದ್ದೆ. ನಾನು ಕಿಟಕಿಯ ಸರಳು ಹಿಡಿದು ಕೂತೆ. ಈ ಕಡೆ ನೀರು. ಎದ್ದು ಹೋಗಿ ಆ ಕಡೆ ನೋಡಿದೆ. ಆ ಕಡೆಯೂ ನೀರು. ಆಚೆ ದಡ ಹುಡುಕಿದೆ. ಸಿಗಲಿಲ್ಲ. ಎಮ್ಮೆ ಇರಲಿಲ್ಲ.

ಯಾರನ್ನೂ ಎಬ್ಬಿಸಲಿಲ್ಲ. ಬದುಕಿನಲ್ಲಿ ಮೊದಲ ಸಲ ಒಂದನ್ನು ಯಾರ ವರದಿಯೂ ಇಲ್ಲದೆ ನೋಡುತ್ತಿದ್ದೆ.

ಇಳಿದ ಮೇಲೆ ಇವರು ಛತ್ರ ಹುಡುಕಲು ಹೋದರು. ಅತ್ತೆ ಆಗಲೇ ಕೊಡ ಹೊತ್ತ ಒಬ್ಬಳನ್ನು ಕಣ್ಣಲ್ಲೇ ಹಿಡಿದಿದ್ದರು. ಖಾಲಿ ಕೊಡ, ಸೊಂಟದ ಮೇಲೆ. "ನಡಿ," ಅಂದರು. ಮಕ್ಕಳನ್ನು ಎಳೆದುಕೊಂಡು ಹಿಂದೆ ಹೊರಟೆವು. ಒಂದು ಓಣಿ, ಎರಡು ಓಣಿ. ಊರು ಮುಗಿಯಿತು. ಉಸುಕು ಶುರುವಾಯಿತು. ಅವಳು ನಡೆಯುತ್ತಲೇ ಇದ್ದಳು. ಹಿಂದೆ ತಿರುಗಿ ನೋಡಿ, ಈ ಮೆರವಣಿಗೆ ಯಾಕೆ ಬರುತ್ತಿದೆ ಅಂತ ತಿಳಿಯದೆ ನಕ್ಕಳು. ಅತ್ತೆ ಏದುಸಿರು ಬಿಡುತ್ತ ಗೊಣಗಿದರು, "ಇಷ್ಟು ದೂರಕ್ಕ ಸೊಂಟದ ಮ್ಯಾಲ ಒಯ್ತಾರೇನು? ಎಂಥಾ ಮಂದಿ ಇವರು. ತಲಿ ಎದಕ್ಕ ಕೊಟ್ಟಾನ ದೇವ್ರು?"

ಆ ಸೀಮೆಯಲ್ಲಿ ಹತ್ತಿರಕ್ಕೂ ಸೊಂಟವೇ, ದೂರಕ್ಕೂ ಸೊಂಟವೇ. ಅತ್ತೆಯ ಲೆಕ್ಕ ಅರ್ಧ ತಪ್ಪಿತ್ತು. ಅರ್ಧ ತಪ್ಪಿರಲಿಲ್ಲ. ತೆಂಗಿನ ಮರಗಳ ನಡುವೆ ಬಾವಿ ಇತ್ತು. ಅವಳು ನೀರು ಸೇದಿ, ಏನೂ ಕೇಳದೆ ಅತ್ತೆಯ ಬೊಗಸೆಗೆ ಸುರಿದಳು. ಅತ್ತೆ ಕುಡಿದು, ನನ್ನ ಕಡೆ ನೋಡಿ, ಬಾಯಿ ಒರೆಸಿಕೊಂಡರು.

"ಕುಡಿ," ಅಂದರು. "ನಮ್ಮ ಮೋರಖಂಡಿ ನೀರಿಗಿಂತ ಸೀ ಅದ. ಖರೆ, ಬೀರಪ್ಪಗ ಇದನ್ನ ಹೇಳಬ್ಯಾಡ."

ಆಚೆ ಮರದ ಸಂದಿಯಲ್ಲಿ ಸಮುದ್ರ ಕಾಣುತ್ತಿತ್ತು. ಅಷ್ಟು ಹತ್ತಿರ ಉಪ್ಪು, ಇಲ್ಲಿ ಸಿಹಿ. ಅವಳ ಭಾಷೆ ನಮಗೆ ಬಾರದು, ನಮ್ಮದು ಅವಳಿಗೆ ಬಾರದು. ಅತ್ತೆ ಅವಳ ಕೊಡವನ್ನು ಎತ್ತಿ ತಲೆಯ ಮೇಲೆ ಇಟ್ಟು ತೋರಿಸಿದರು. ಅವಳು ಬೇಡ ಬೇಡ ಅಂತ ನಕ್ಕು ಮತ್ತೆ ಸೊಂಟಕ್ಕೇ ಇಳಿಸಿಕೊಂಡಳು. ಗುಡಿಯ ದರ್ಶನ ಮುಗಿಸಿ, ಮಧ್ಯಾಹ್ನ ದ್ವೀಪದ ಮೂರು ಕಡೆಯ ದಂಡೆಗೆ ಹೋಗಿ ಬಂದೆವು. ನಾಲ್ಕನೆಯ ಕಡೆಗೂ ಹೋಗೋಣ ಅಂದೆ. ಇವರು, "ಮೂರು ಕಡೆ ನೀರದ ಅಂದ್ಮ್ಯಾಲ ನಾಕನೇ ಕಡೆ ಇರಂಗಿಲ್ಲೇನು," ಅಂದರು. ನಾನು ಕಾಲು ನೋವು ಅಂತ ಅತ್ತೆಗೆ ಹೇಳಿ ಮಕ್ಕಳ ಜೊತೆ ಹಿಂದುಳಿದು, ನಾಲ್ಕನೆಯದನ್ನೂ ನೋಡಿಕೊಂಡೇ ಬಂದೆ. ಇತ್ತು.

ಇಲ್ಲಿಗೆ ಮುಗಿಸಿದರೆ ನನಗೂ ನಿಮಗೂ ಚೆಂದ. ಆದರೆ ದ್ವೀಪಕ್ಕೆ ಹೋಗುವುದು ಅರ್ಧ ಕೆಲಸ. ಬಂದು ಹೇಳುವುದು ಇನ್ನರ್ಧ.

ನಾನು ಮನಸ್ಸಿನಲ್ಲಿ ಎಲ್ಲ ಕಟ್ಟಿಟ್ಟುಕೊಂಡಿದ್ದೆ. ಸೇತುವೆಯಿಂದ ಶುರು ಮಾಡಬೇಕು. ಬಾವಿಗೆ ಬಂದಾಗ ಸ್ವಲ್ಪ ನಿಲ್ಲಿಸಬೇಕು. ಕೇಳುವವರು, "ಆಮ್ಯಾಲ?" ಅನ್ನಬೇಕು. ಆದರೆ ಬಂದ ಮರುದಿನವೇ ಅತ್ತೆ ನಾರಾಯಣಪುರಕ್ಕೆ ಮಗಳ ಮನೆಗೆ ಹೋದರು. ಹೋಗುವ ದಾರಿಯಲ್ಲಿ ಮೋರಖಂಡಿಯಲ್ಲಿ ಇಳಿದು, ಯಾರಿಗೆ ಹೇಳಬೇಡ ಅಂದಿದ್ದರೋ ಅವರಿಗೇ ಎಲ್ಲವನ್ನೂ ಹೇಳಿದ್ದರು. ಮಗನಲ್ಲವೇ.

ಸಂತೆಯ ದಿನ ಭಾವ ಊರಿನ ನಾಲ್ಕೈದು ಜನರನ್ನು ಚಹಾಕ್ಕೆ ಕರೆದುಕೊಂಡು ಬಂದರು. ಇವರು ಆಫೀಸಿನಲ್ಲಿ. ಮನೆಯಲ್ಲಿ ನಾನೊಬ್ಬಳೇ. ಸೆರಗು ಎಳೆದುಕೊಂಡು ಒಳಗೆ ಚಹಾಕ್ಕೆ ಇಟ್ಟೆ. ನನ್ನ ಮಾತು ದಾಟಿಸಲು ಅತ್ತೆಯೂ ಇಲ್ಲ.

"ಬೀರಪ್ಪ, ಸಮುದ್ರದ್ದು ಹೇಳಪಾ," ಅಂದರು ಯಾರೋ.

ಭಾವ ಹೇಳಿದರು. ಸೇತುವೆಯಿಂದ ಶುರು ಮಾಡಿದರು.

"ಈ ಕಡೆ ನೀರು, ಆ ಕಡೆ ನೀರು. ಆಚೆ ದಂಡಿ ಕಾಣಂಗಿಲ್ಲ. ಸಮುದ್ರ ಉಪ್ಪು, ಖರೆ. ಆದ್ರ ಊರ ಹೊರಗ ತೆಂಗಿನ ಗಿಡದಾಗೊಂದು ಬಾವಿ ಅದ ನೋಡ್ರಿ. ಅದು ಹುಡುಕೋದು ಎಲ್ಲಾರಿಗೂ ಬರಂಗಿಲ್ಲ. ಕೊಡಾ ಹೊತ್ತವ್ರ ಬೆನ್ನು ಹತ್ತಬೇಕು." ಅಲ್ಲಿ ಸ್ವಲ್ಪ ನಿಲ್ಲಿಸಿದರು.

"ಆಮ್ಯಾಲ?" ಅಂದರು ಕೇಳುವವರು.

"ಆ ಮಂದಿ ಎಷ್ಟು ದೂರ ಇದ್ರೂ ಸೊಂಟದ ಮ್ಯಾಲೇ ಒಯ್ತಾರ. ನಮ್ಮವ್ರಂಗ ತಲಿ ಮ್ಯಾಲಲ್ಲ. ನೀರು ಕುಡದ್ರ, ಏನ್ ಹೇಳ್ಲಿ, ನಮ್ಮ ಮೋರಖಂಡಿ ನೀರಿಗಿಂತ ಸೀ."

ಒಲೆಯ ಮೇಲೆ ಚಹಾ ಉಕ್ಕುತ್ತಿತ್ತು. ಅದಕ್ಕಿಂತ ಮೊದಲು ನಾನು ಉಕ್ಕಿದ್ದೆ.

ಒಬ್ಬ ಮುದುಕನಿಗೆ ಮಾತ್ರ ಅನುಮಾನ ಬಂತು. ದೇವರು ಅವನಿಗೆ ಒಳ್ಳೆಯದು ಮಾಡಲಿ. "ನೀ ಖುದ್ದು ಕುಡದೇನು ಆ ನೀರು?" ಅಂತ ಕೇಳಿದ.

"ಹದಿನೈದು ದಿನಾ ಹಟ್ಟಿ ಬಿಟ್ಟು ಹೋಗಿದ್ದು ಯಾರು ಮತ್ತ?" ಭಾವನ ದನಿ ಏರಿತು. "ನಾ ನೋಡಿ ಬಂದ ಮ್ಯಾಲಲ್ಲೇನು ಮನಿಮಂದಿ ಹೋಗಿದ್ದು? ಬೇಕಾದ್ರ ನಮ್ಮ ತಮ್ಮನ ಹೇಣ್ತಿ ಒಳಗ ಇದ್ದಾಳ, ಕೇಳ್ರಿ. ಏನವಾ, ನಾ ಹೇಳೋದು ಖರೆ ಹೌದಿಲ್ಲೋ?"

ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದಾರೆ ಅಂತ ಪರದೆಯ ಸಂದಿಯಲ್ಲಿ ಕಂಡಿತು. ಬಾಯಿ ತೆರೆದರೆ ಮನೆತನದ ಮರ್ಯಾದೆ ಹೋಗುತ್ತದೆ. ತೆರೆಯದಿದ್ದರೆ ನನ್ನ ಸಮುದ್ರ ಹೋಗುತ್ತದೆ. ಚಹಾದ ಕಪ್ಪು ಇಡಲು ತೆಗೆದಿದ್ದ ಹಿತ್ತಾಳೆಯ ಅಗಲ ಪರಾತವನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕೆ ಕುಕ್ಕಿದೆ. ಗೋಡೆಯಾಚೆ ಖಾಲಾನ ಕೋಳಿಗಳು ಹಾರಿದವು.

ಹೊರಗೆ ಆ ಮುದುಕ ತೃಪ್ತಿಯಿಂದ ತಲೆಯಾಡಿಸಿದ. "ಆಯ್ತು ಬಿಡಪಾ, ಹೌದಂತ."